ಬೇಸಿಗೆಯ ಮಂಕು ಪೇಟೆಯಲ್ಲಿ ನಿಫ್ಟಿ ಆಪ್ಷನ್: ಪ್ರೀಮಿಯಂ ತೆಳುವಾದಾಗ ಲೆಕ್ಕ ಹಾಕುವ ಕ್ರಮ

ಪೇಟೆ ಅಲುಗಾಡುತ್ತಿಲ್ಲ, ಆಪ್ಷನ್ ಮಾರಿ ಪ್ರೀಮಿಯಂ ಜೇಬಿಗೆ ಹಾಕಿಕೊಳ್ಳಬಹುದು ಅನ್ನುವ ಮಾತು ಬೆಂಗಳೂರಿನ ಆಫೀಸ್ ಕ್ಯಾಂಟೀನುಗಳಲ್ಲಿ ಬೇಸಿಗೆ ಬಂದಾಗಲೆಲ್ಲ ಕೇಳಿಬರುತ್ತದೆ. ಇದು ಅರ್ಧ ನಿಜ. ಪೇಟೆ ಅಲುಗಾಡುತ್ತಿಲ್ಲ ಎಂಬುದು ಆಪ್ಷನ್ ಬೆಲೆ ಕಟ್ಟುವವರಿಗೂ ಗೊತ್ತಿರುತ್ತದೆ, ಆದ್ದರಿಂದ ಪ್ರೀಮಿಯಂ ಆಗಲೇ ಇಳಿದಿರುತ್ತದೆ. ಬ್ರೋಕರೇಜ್ ಮಾತ್ರ ಇಳಿಯುವುದಿಲ್ಲ. ಎಂದೋ ಒಂದು ದಿನ ಬರುವ ದೊಡ್ಡ ಹೊಡೆತವೂ ಸಣ್ಣದಾಗುವುದಿಲ್ಲ. ಹಾಗಾಗಿ ಮಂಕು ಪೇಟೆಯಲ್ಲಿ ಲಾಭ ನಷ್ಟ ತೀರ್ಮಾನವಾಗುವುದು ಬಹುಪಾಲು ಖರ್ಚಿನ ಲೆಕ್ಕದಲ್ಲಿ. ಇಲ್ಲಿ ಜಾಸ್ತಿ ಜಾಗ ಅದಕ್ಕೇ ಕೊಟ್ಟಿದೆ. ಕಾಲ್, ಪುಟ್, ಸ್ಟ್ರೈಕ್ ಅಂದರೇನು ಎಂಬಷ್ಟು ಓದುಗರಿಗೆ ಗೊತ್ತಿದೆ ಎಂದುಕೊಂಡಿದ್ದೇವೆ.

ಮಂಕು ನಿಜವೇ, ಎಷ್ಟು ಮಂಕು

ಎರಡು ಸಂಖ್ಯೆ ಬೇಕು. ಮೊದಲನೆಯದು ಇಂಡಿಯಾ ವಿಕ್ಸ್. ಮುಂದಿನ 30 ದಿನಗಳಲ್ಲಿ ನಿಫ್ಟಿ ಎಷ್ಟು ಏರಿಳಿಯಬಹುದು ಎಂದು ಆಪ್ಷನ್ ಬೆಲೆಗಳೇ ಹೇಳುವ ಅಂದಾಜು ಇದು, ವಾರ್ಷಿಕ ಶೇಕಡಾ ಲೆಕ್ಕದಲ್ಲಿ. ಅದನ್ನು 16ರಿಂದ ಭಾಗಿಸಿದರೆ ದಿನದ ಅಂದಾಜು ಸಿಗುತ್ತದೆ (ವರ್ಷದ ಸುಮಾರು 252 ವಹಿವಾಟಿನ ದಿನಗಳ ವರ್ಗಮೂಲ 16ರ ಹತ್ತಿರ). ವಿಕ್ಸ್ 12 ಇದ್ದು ನಿಫ್ಟಿ 25,000 ಇದ್ದರೆ ದಿನಕ್ಕೆ ಶೇ 0.75, ಅಂದರೆ ಸುಮಾರು 190 ಪಾಯಿಂಟ್.

ಎರಡನೆಯದು ನಿಜವಾಗಿ ಆದ ಏರಿಳಿತ. ಕಳೆದ 20 ದಿನಗಳ ಮುಕ್ತಾಯದ ಬೆಲೆಗಳನ್ನು ಎಕ್ಸೆಲ್‌ಗೆ ಇಳಿಸಿಕೊಂಡು ದಿನದಿನದ ಶೇಕಡಾ ಬದಲಾವಣೆ ತೆಗೆಯಿರಿ. ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನು 16ರಿಂದ ಗುಣಿಸಿ. ಉತ್ತರ 8 ಅಥವಾ 9 ಬಂದು ವಿಕ್ಸ್ 12 ಇದ್ದರೆ, ಮಾರುವವರಿಗೆ ಏನೋ ಉಳಿಯುವ ಸಾಧ್ಯತೆ ಇದೆ. ಉತ್ತರವೂ 11, ವಿಕ್ಸೂ 11 ಎಂದಾದರೆ ಪೇಟೆ ಎಷ್ಟೇ ನಿದ್ದೆ ಹೊಡೆಯುತ್ತಿರುವಂತೆ ಕಂಡರೂ ಮಾರುವುದರಲ್ಲಿ ಅರ್ಥವಿಲ್ಲ. ಅಂತರ 2ಕ್ಕಿಂತ ಕಡಿಮೆ ಇದ್ದಾಗ ಸುಮ್ಮನಿರುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ವಿಕ್ಸ್ 10–11ರ ಮಟ್ಟಕ್ಕೆ ಇಳಿದಾಗಲೂ ಅಷ್ಟೇ: ಅಲ್ಲಿಂದ ಕೆಳಗೆ ಹೋಗಲು ಜಾಗ ಸ್ವಲ್ಪವೇ, ಮೇಲಕ್ಕೆ ಬೇಕಾದಷ್ಟಿದೆ.

2024ನ್ನೇ ನೋಡಿ. ಏಪ್ರಿಲ್ 23ರಂದು ವಿಕ್ಸ್ ಒಂದೇ ದಿನದಲ್ಲಿ ಸುಮಾರು ಶೇ 20 ಬಿದ್ದು 10ರ ಆಸುಪಾಸಿಗೆ ಬಂತು. ಆರು ವಾರ ಕಳೆದು ಜೂನ್ 4ರಂದು ಲೋಕಸಭಾ ಚುನಾವಣೆಯ ಮತ ಎಣಿಕೆ. ಅದೇ ವಿಕ್ಸ್ ದಿನದ ನಡುವೆ 30 ದಾಟಿತು, ನಿಫ್ಟಿ ಶೇ 5.9 ಕುಸಿದು ಮುಗಿಯಿತು. 2025ರ ಬೇಸಿಗೆಯೂ ಹಾಗೇ ಇತ್ತು. ಏಪ್ರಿಲ್ 7ರಂದು ಅಮೆರಿಕದ ಸುಂಕದ ಸುದ್ದಿಗೆ ಶೇ 3ಕ್ಕೂ ಹೆಚ್ಚು ಇಳಿತ. ಮೇ 12ರ ಸೋಮವಾರ, ಭಾರತ–ಪಾಕಿಸ್ತಾನ ಗಡಿಯಲ್ಲಿ ಗುಂಡಿನ ಸದ್ದು ನಿಂತ ಮೇಲೆ, ಶೇ 3.8ರಷ್ಟು ಏರಿಕೆ. ಅಂದು ಪೆಟ್ಟು ತಿಂದವರು ಕಾಲ್ ಮಾರಿ ಕುಳಿತವರು. ಬಿದ್ದರೆ ಮಾತ್ರ ಭಯ ಎಂದುಕೊಂಡು ಕಾಲ್ ಕಡೆಗೆ ಹೆಡ್ಜ್ (ನಷ್ಟಕ್ಕೆ ತಡೆಯಾಗಿ ಕೊಂಡಿಡುವ ಆಪ್ಷನ್) ಹಾಕದೆ ಬಿಡುವ ಅಭ್ಯಾಸ ಹಲವರಿಗಿದೆ, ಅದು ಇಂಥ ದಿನ ಬಯಲಾಗುತ್ತದೆ.

ಮೊದಲು ಕ್ಯಾಲೆಂಡರ್, ಆಮೇಲೆ ಸ್ಟ್ರೈಕ್

ನಮ್ಮ ಬೇಸಿಗೆ ಪೂರ್ತಿ ಮಂಕಲ್ಲ. ಏಪ್ರಿಲ್ ಆರಂಭದಲ್ಲಿ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ. ಎರಡನೇ ವಾರದಿಂದ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಫಲಿತಾಂಶ. ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್ ಸಾಮಾನ್ಯವಾಗಿ ಶನಿವಾರ ಫಲಿತಾಂಶ ಕೊಡುತ್ತವೆ. ಎರಡೂ ನಿಫ್ಟಿಯಲ್ಲಿ ಭಾರೀ ತೂಕದವು, ಸೋಮವಾರ ಬೆಳಿಗ್ಗೆ ಗ್ಯಾಪ್ (ಹಿಂದಿನ ಮುಕ್ತಾಯದಿಂದ ಒಮ್ಮೆಲೇ ಜಿಗಿದು ಮೇಲೆ ಅಥವಾ ಕೆಳಗೆ ತೆರೆಯುವುದು) ಬರುವ ಸಂಭವ ಜಾಸ್ತಿ. ಮಾರ್ಚ್ ತ್ರೈಮಾಸಿಕದ ಫಲಿತಾಂಶ ಕೊಡಲು ಕಂಪನಿಗಳಿಗೆ 60 ದಿನ ಇರುವುದರಿಂದ ಈ ಓಟ ಮೇ 30ರವರೆಗೂ ಎಳೆಯುತ್ತದೆ. ಜೂನ್ ಮೊದಲ ವಾರ ಮತ್ತೆ ರಿಸರ್ವ್ ಬ್ಯಾಂಕ್. ಅದು ಮುಗಿದ ಮೇಲೆ ಜುಲೈ ಎರಡನೇ ವಾರದ ಫಲಿತಾಂಶಗಳವರೆಗೆ ನಡುವೆ ಅಮೆರಿಕದ ಫೆಡ್ ಸಭೆ ಬಿಟ್ಟರೆ ದೇಶದೊಳಗೆ ತಾರೀಕು ಗೊತ್ತಿರುವ ದೊಡ್ಡ ಘಟನೆ ಕಡಿಮೆ. ಮಾರುವುದಿದ್ದರೆ ಈ ಸಂದು ಮತ್ತು ಮೇ ಮಧ್ಯದ ಒಂದೆರಡು ವಾರ ನೋಡಿ.

ರಜೆಗಳನ್ನೂ ಗುರುತು ಹಾಕಿಕೊಳ್ಳಿ. ಷೇರುಪೇಟೆ ನಡೆಯುವುದು ಮುಂಬೈ ಕ್ಯಾಲೆಂಡರ್ ಮೇಲೆ. ಬಸವ ಜಯಂತಿಗೆ ಇಲ್ಲಿ ಸರ್ಕಾರಿ ರಜೆ, ಆದರೆ ಪೇಟೆ ತೆರೆದಿರಬಹುದು. ನಿಫ್ಟಿಯ ವಾರದ ಹಾಗೂ ತಿಂಗಳ ಎಕ್ಸ್‌ಪೈರಿ (ಆಪ್ಷನ್ ಅವಧಿ ಮುಗಿಯುವ ದಿನ) 2025ರ ಸೆಪ್ಟೆಂಬರ್‌ನಿಂದ ಮಂಗಳವಾರ, ಸೆನ್ಸೆಕ್ಸ್‌ನದು ಗುರುವಾರ. ಮಂಗಳವಾರ ರಜೆ ಬಿದ್ದರೆ ಎಕ್ಸ್‌ಪೈರಿ ಹಿಂದಿನ ವಹಿವಾಟಿನ ದಿನಕ್ಕೆ ಸರಿಯುತ್ತದೆ. 14 ಏಪ್ರಿಲ್ ಅಂಬೇಡ್ಕರ್ ಜಯಂತಿ ಮಂಗಳವಾರ ಬಂದ ವರ್ಷ ಸೋಮವಾರವೇ ಆಟ ಮುಗಿಯುತ್ತದೆ. ಉದ್ದ ವಾರಾಂತ್ಯಕ್ಕೆ ಮೊದಲು ಮಾರಿದರೆ ಮೂರು ದಿನದ ಸವಕಳಿ (ದಿನ ಕಳೆದಂತೆ ಪ್ರೀಮಿಯಂ ಕರಗುವುದು) ಪುಕ್ಕಟೆ ಸಿಗುತ್ತದೆ ಎಂಬ ನಂಬಿಕೆಯೂ ಇದೆ. ಸಿಗುವುದಿಲ್ಲ, ಗುರುವಾರ, ಶುಕ್ರವಾರದ ಬೆಲೆಯಲ್ಲೇ ಅದನ್ನು ಕಳೆದಿರುತ್ತಾರೆ.

ನಾಲ್ಕು ಲೆಗ್‌ನ ಕಾಂಡರ್, ಅಂಕಿ ಸಮೇತ

ಹೆಡ್ಜ್ ಇಲ್ಲದೆ ಆಪ್ಷನ್ ಮಾರುವುದನ್ನು ಇಲ್ಲಿ ವಿವರಿಸುವುದಿಲ್ಲ. ಮಂಕು ಪೇಟೆಯಲ್ಲಿ ಅದಕ್ಕೆ ಸಿಗುವ ಪ್ರೀಮಿಯಂ ಹೊರುವ ಅಪಾಯಕ್ಕೆ ಸಾಲದು. ನಷ್ಟಕ್ಕೆ ಗೋಡೆ ಇರುವ ಐರನ್ ಕಾಂಡರ್ ತೆಗೆದುಕೊಳ್ಳೋಣ: ಒಂದು ಕಾಲ್, ಒಂದು ಪುಟ್ ಮಾರಿ, ಅವುಗಳಿಗಿಂತ ದೂರದ ಸ್ಟ್ರೈಕ್‌ನ ಕಾಲ್, ಪುಟ್ ಕೊಳ್ಳುವುದು; ಈ ನಾಲ್ಕರಲ್ಲಿ ಒಂದೊಂದೂ ಒಂದು ಲೆಗ್. ಬೆಲೆಗಳು ಉದಾಹರಣೆಗೆ, ಆದರೆ ವಿಕ್ಸ್ 12ರ ಸುತ್ತ ಇರುವಾಗ ಹೆಚ್ಚುಕಡಿಮೆ ಹೀಗೇ ಇರುತ್ತವೆ.

ನಿಫ್ಟಿ 25,000. ತಿಂಗಳ ಎಕ್ಸ್‌ಪೈರಿಗೆ 21 ದಿನ. ಲಾಟ್, ಅಂದರೆ ಒಮ್ಮೆಗೆ ವಹಿವಾಟು ಮಾಡಬಹುದಾದ ಕನಿಷ್ಠ ಪ್ರಮಾಣ, 65 (2025ರ ಕೊನೆವರೆಗೆ 75 ಇತ್ತು, ಎಕ್ಸ್‌ಚೇಂಜ್ ಆಗಾಗ ಬದಲಿಸುತ್ತದೆ, ಆರ್ಡರ್ ಹಾಕುವ ಮೊದಲು ನೋಡಿಕೊಳ್ಳಿ).

- 26,000 ಕಾಲ್ ಕೊಳ್ಳಿ: 25
- 24,000 ಪುಟ್ ಕೊಳ್ಳಿ: 38
- 25,700 ಕಾಲ್ ಮಾರಿ: 65
- 24,300 ಪುಟ್ ಮಾರಿ: 66

ಬಂದದ್ದು 131, ಕೊಟ್ಟದ್ದು 63, ಉಳಿದದ್ದು 68 ಪಾಯಿಂಟ್. 65ರಿಂದ ಗುಣಿಸಿದರೆ 4,420 ರೂಪಾಯಿ. ಎಲ್ಲ ಸರಿಹೋದರೆ ಸಿಗುವ ಗರಿಷ್ಠ ಇದೇ. ಸ್ಟ್ರೈಕುಗಳ ಅಂತರ 300, ಅದರಲ್ಲಿ 68 ಕಳೆದರೆ 232 ಪಾಯಿಂಟ್, ಅಂದರೆ 15,080 ರೂಪಾಯಿ ಗರಿಷ್ಠ ನಷ್ಟ. ಒಂದು ಕಾಂಡರ್‌ನ ಗರಿಷ್ಠ ನಷ್ಟ ಬಂಡವಾಳದ ಶೇ 3ರ ಆಸುಪಾಸಿನಲ್ಲಿರಲಿ. ಆ ಲೆಕ್ಕಕ್ಕೆ 5 ಲಕ್ಷಕ್ಕೆ ಒಂದು ಲಾಟ್. ಮಾರ್ಜಿನ್ (ವಹಿವಾಟಿಗೆ ಬ್ರೋಕರ್ ಬಳಿ ಇಡುವ ಠೇವಣಿ) ಇನ್ನೂ ಉಳಿದಿದೆ ಎಂದು ಎರಡನೆಯದು ಹಾಕಬೇಡಿ. ಮಾರ್ಜಿನ್ ಎಕ್ಸ್‌ಚೇಂಜಿನ ರಕ್ಷಣೆಗೆ ಇರುವುದು, ನಿಮ್ಮ ಬಂಡವಾಳದ ರಕ್ಷಣೆಗಲ್ಲ.

ಲೆಗ್‌ಗಳನ್ನು ಮೇಲೆ ಬರೆದ ಕ್ರಮದಲ್ಲೇ ಹಾಕಿ: ಕೊಳ್ಳುವುದು ಮೊದಲು, ಮಾರುವುದು ಆಮೇಲೆ. ಮೊದಲೇ ಮಾರಿದರೆ ಹೆಡ್ಜ್ ಇಲ್ಲದ ಪೂರ್ತಿ ಮಾರ್ಜಿನ್ ಕೇಳುತ್ತದೆ, ಹಣ ಸಾಲದೆ ಆರ್ಡರ್ ತಿರಸ್ಕಾರವಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಒಂದು ಕಡೆ ಮಾರಾಟವಾಗಿ ಇನ್ನೊಂದು ಕಡೆ ಬಾಕಿ ಉಳಿಯುವುದು. ಹೊರಬರುವಾಗ ಕ್ರಮ ತಿರುಗುಮುರುಗು: ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ, ಆಮೇಲೆ ಹೆಡ್ಜ್ ಮಾರಿ. ಆ್ಯಪ್‌ನ ಬಾಸ್ಕೆಟ್ ಆರ್ಡರ್‌ನಲ್ಲಿ ನಾಲ್ಕನ್ನೂ ಸೇರಿಸಿದರೆ ಬೇಕಾಗುವ ಒಟ್ಟು ಮಾರ್ಜಿನ್ ಮುಂಚೆಯೇ ಕಾಣುತ್ತದೆ.

9.15ಕ್ಕೆ ಪೇಟೆ ತೆರೆದ ಮೊದಲ ಹದಿನೈದು–ಇಪ್ಪತ್ತು ನಿಮಿಷ ಬಿಡ್ (ಕೊಳ್ಳುವವರು ಕೊಡಲು ಒಪ್ಪುವ ಬೆಲೆ) ಮತ್ತು ಆಸ್ಕ್ (ಮಾರುವವರು ಕೇಳುವ ಬೆಲೆ) ದೂರ ದೂರ ಇರುತ್ತವೆ. ಹತ್ತು ಗಂಟೆ ಹೊತ್ತಿಗೆ ಲಿಮಿಟ್ ಆರ್ಡರ್ (ಬೆಲೆಯನ್ನು ನೀವೇ ಗೊತ್ತುಮಾಡುವುದು) ಹಾಕಿ, ಎರಡರ ನಡುವಿನ ಬೆಲೆಯಿಂದ ಶುರುಮಾಡಿ. ಮಾರ್ಕೆಟ್ ಆರ್ಡರ್ ಬೇಡ.

ಖರ್ಚು ಎಷ್ಟು ತಿನ್ನುತ್ತದೆ

ಡಿಸ್ಕೌಂಟ್ ಬ್ರೋಕರ್‌ಗಳಲ್ಲಿ ಆರ್ಡರ್‌ಗೆ 20 ರೂಪಾಯಿ ಸಾಮಾನ್ಯ. ಒಳಗೆ ಹೋಗಲು ನಾಲ್ಕು, ಹೊರಬರಲು ನಾಲ್ಕು, ಒಟ್ಟು 160. ಶೇ 18 ಜಿಎಸ್‌ಟಿ ಸೇರಿ 189. ಎಸ್‌ಟಿಟಿ (ಷೇರುಪೇಟೆ ವಹಿವಾಟಿನ ತೆರಿಗೆ) ಬೀಳುವುದು ಮಾರುವ ಲೆಗ್‌ನ ಪ್ರೀಮಿಯಂ ಮೇಲೆ. 2024ರ ಅಕ್ಟೋಬರ್ 1ರಿಂದ ಅದನ್ನು ಶೇ 0.0625ರಿಂದ 0.1ಕ್ಕೆ ಏರಿಸಿದರು, ಬಜೆಟ್‌ಗಳಲ್ಲಿ ಇದನ್ನು ಮುಟ್ಟುತ್ತಲೇ ಇರುತ್ತಾರೆ, ಆದ್ದರಿಂದ ಇಂದಿನ ದರವನ್ನು ಕಾಂಟ್ರಾಕ್ಟ್ ನೋಟ್‌ನಲ್ಲಿ ನೋಡಿ. ನಮ್ಮ ಉದಾಹರಣೆಗೆ ಎಸ್‌ಟಿಟಿ, ಎಕ್ಸ್‌ಚೇಂಜ್ ಶುಲ್ಕ, ಸ್ಟಾಂಪ್ ಎಲ್ಲ ಸೇರಿ ಇಪ್ಪತ್ತು–ಇಪ್ಪತ್ತೈದು ರೂಪಾಯಿ. ಯಾವ ಬಿಲ್ಲಿನಲ್ಲೂ ಕಾಣದ ದೊಡ್ಡ ಖರ್ಚು ಬಿಡ್–ಆಸ್ಕ್ ಅಂತರ: ಪ್ರತಿ ಲೆಗ್‌ನಲ್ಲಿ ಬರೀ ಅರ್ಧ ಪಾಯಿಂಟ್ ಬಿಟ್ಟುಕೊಟ್ಟರೂ ಎಂಟು ಲೆಗ್‌ಗೆ 260 ರೂಪಾಯಿ. ಎಲ್ಲ ಕೂಡಿದರೆ ಸುಮಾರು 470.

4,420ರಲ್ಲಿ 470 ಹೋಗುವುದು ದೊಡ್ಡದಲ್ಲ ಅನ್ನಿಸಬಹುದು. ಆದರೆ ಕೊನೆವರೆಗೆ ಕಾಯದೆ ಅರ್ಧ ಲಾಭಕ್ಕೆ ಹೊರಬರುವುದು ವಾಡಿಕೆ, ಅಂದರೆ 2,210; ಖರ್ಚು ಕಳೆದು 1,740. ಕಾಂಡರ್‌ನ ಬೆಲೆ ಎರಡು ಪಟ್ಟಾದಾಗ, 68 ಇದ್ದದ್ದು 136 ಆದಾಗ, ನಷ್ಟ ಒಪ್ಪಿಕೊಂಡು ಹೊರಬಂದರೆ 4,420, ಖರ್ಚು ಸೇರಿ 4,890. ಈಗ ಭಾಗಿಸಿ ನೋಡಿ: ಖರ್ಚೇ ಇಲ್ಲದಿದ್ದರೆ ನೂರರಲ್ಲಿ 67 ಸಲ ಗೆದ್ದರೆ ಸರಿದೂಗುತ್ತಿತ್ತು. ಖರ್ಚು ಸೇರಿದ ಮೇಲೆ 74 ಸಲ ಗೆಲ್ಲಬೇಕು, ಅದೂ ಬರೀ ಅಸಲಿಗೆ.

ಇನ್ನು ವಾರದ ಎಕ್ಸ್‌ಪೈರಿಯಲ್ಲಿ ತೀರಾ ದೂರದ ಸ್ಟ್ರೈಕ್ ಹಿಡಿದು 15 ಪಾಯಿಂಟ್ ಸಿಗುವ ಕಾಂಡರ್ ಹಾಕುವವರಿದ್ದಾರೆ. ಒಟ್ಟು 975, ಅರ್ಧಕ್ಕೆ ಹೊರಬಂದರೆ 487. ಶುಲ್ಕಗಳು ಸ್ವಲ್ಪ ಕಡಿಮೆ ಬಿದ್ದರೂ ಬ್ರೋಕರೇಜ್ ಮತ್ತು ಅಂತರ ಅಷ್ಟೇ ಇರುವುದರಿಂದ ಕೈಗೆ ಉಳಿಯುವುದು ಮೂವತ್ತು ರೂಪಾಯಿ ಆಸುಪಾಸು. ಗಾಂಧಿಬಜಾರಿನಲ್ಲಿ ಒಂದು ಕಾಫಿ, ಅಷ್ಟಕ್ಕೆ ಹದಿನೈದು–ಹದಿನೆಂಟು ಸಾವಿರದ ಅಪಾಯ ಹೊತ್ತಂತಾಯಿತು. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದಂತೆ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್‌ ಆ್ಯಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟದಲ್ಲಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು.

ಹೊರಬರುವ ನಿಯಮ

ಮೂರು ಸಾಕು, ಹಾಕುವ ದಿನವೇ ಬರೆದಿಡಿ. ಅರ್ಧ ಲಾಭ ಬಂದರೆ ಮುಚ್ಚಿ. ಕಾಂಡರ್‌ನ ಬೆಲೆ ಎರಡು ಪಟ್ಟಾದರೆ, ಇಲ್ಲವೇ ನಿಫ್ಟಿ ಮಾರಿದ ಸ್ಟ್ರೈಕ್ ಮುಟ್ಟಿದರೆ, ಯಾವುದು ಮೊದಲೋ ಆಗ ಮುಚ್ಚಿ. ಎರಡೂ ಆಗದಿದ್ದರೆ ಎಕ್ಸ್‌ಪೈರಿಗೆ ಐದಾರು ದಿನ ಇರುವಾಗ ಮುಚ್ಚಿ.

ಮೂರನೆಯದನ್ನು ಬಿಡುವವರೇ ಹೆಚ್ಚು. ಕೊನೆಯ ದಿನಗಳಲ್ಲಿ ಸವಕಳಿ ವೇಗವಾಗಿ ಬರುತ್ತದೆ ಎಂಬುದು ನಿಜ, ಆದರೆ ಗ್ಯಾಮಾ (ನಿಫ್ಟಿ ಸರಿದಂತೆ ಆಪ್ಷನ್ ಬೆಲೆ ಬದಲಾಗುವ ವೇಗ ಎಷ್ಟು ಬೇಗ ಹೆಚ್ಚುತ್ತದೆ ಎಂಬ ಅಳತೆ) ಕೂಡ ಹಾಗೇ ಏರುತ್ತದೆ. 21 ದಿನ ಇರುವಾಗ 150 ಪಾಯಿಂಟ್ ಚಲನೆಗೆ ಹೆಚ್ಚೇನೂ ಆಗದ ಶಾರ್ಟ್ (ಮಾರಿದ ಆಪ್ಷನ್), ಎಕ್ಸ್‌ಪೈರಿಯ ಹಿಂದಿನ ದಿನ ಅದೇ 150ಕ್ಕೆ ಮೂರು–ನಾಲ್ಕು ಪಟ್ಟಾಗಬಹುದು. ಜೊತೆಗೆ 2024ರ ನವೆಂಬರ್ 20ರಿಂದ ಎಕ್ಸ್‌ಪೈರಿ ದಿನ ಇಂಡೆಕ್ಸ್ ಆಪ್ಷನ್ ಶಾರ್ಟ್‌ಗಳ ಮೇಲೆ ಕಾಂಟ್ರಾಕ್ಟ್ ಮೌಲ್ಯದ ಶೇ 2ರಷ್ಟು ಹೆಚ್ಚುವರಿ ಮಾರ್ಜಿನ್ ಇದೆ. 25,000ದಲ್ಲಿ ಒಂದು ಲಾಟ್‌ನ ಮೌಲ್ಯ 16.25 ಲಕ್ಷ, ಅದರ ಶೇ 2 ಎಂದರೆ 32,500. ಎರಡು ಶಾರ್ಟ್‌ಗೆ 65,000. ಖಾತೆಯಲ್ಲಿ ಅಷ್ಟು ಇಲ್ಲದಿದ್ದರೆ ಬ್ರೋಕರೇ ಪೊಸಿಷನ್ ಮುಚ್ಚಿಬಿಡಬಹುದು, ಅವರಿಗೆ ಅನುಕೂಲವಾದ ಹೊತ್ತಿಗೆ. ಕ್ಯಾಲೆಂಡರ್ ಸ್ಪ್ರೆಡ್ (ಒಂದು ಎಕ್ಸ್‌ಪೈರಿಯದನ್ನು ಮಾರಿ ಇನ್ನೊಂದರದನ್ನು ಕೊಳ್ಳುವುದು) ಇಟ್ಟವರಿಗೂ ಎಕ್ಸ್‌ಪೈರಿ ದಿನ ಮಾರ್ಜಿನ್ ರಿಯಾಯಿತಿ ಇಲ್ಲ, 2025ರ ಫೆಬ್ರುವರಿಯಿಂದ.

ಸ್ಟಾಪ್ ಲಾಸ್ (ಬೆಲೆ ಟ್ರಿಗರ್ ಎಂಬ ಗೊತ್ತುಮಾಡಿದ ಮಟ್ಟ ಮುಟ್ಟಿದಾಗ ತಾನೇ ಹೋಗುವ ಆರ್ಡರ್) ಹಾಕುವಾಗ ಒಂದು ವಿಷಯ. ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಸ್ಟಾಪ್ ಲಾಸ್ ಮಾರ್ಕೆಟ್ ಆರ್ಡರ್ ನಡೆಯುವುದಿಲ್ಲ, ಸ್ಟಾಪ್ ಲಾಸ್ ಲಿಮಿಟ್ ಮಾತ್ರ. ಟ್ರಿಗರ್ 130, ಲಿಮಿಟ್ 131 ಎಂದು ಕೊಟ್ಟರೆ ವೇಗದ ಏರಿಕೆಯಲ್ಲಿ ಬೆಲೆ ಹಾರಿಹೋಗಿ ಆರ್ಡರ್ ಹಿಂದೆ ಉಳಿಯುತ್ತದೆ. ಟ್ರಿಗರ್‌ಗಿಂತ ಲಿಮಿಟ್ ಶೇ 8–10 ಮೇಲಿರಲಿ. ರಾತ್ರೋರಾತ್ರಿಯ ಗ್ಯಾಪ್‌ಗೆ ಯಾವ ಸ್ಟಾಪ್ ಲಾಸೂ ಉಪಯೋಗವಿಲ್ಲ. ಅಲ್ಲಿ ಕಾಯುವುದು ಕೊಂಡಿಟ್ಟ ಹೆಡ್ಜ್ ಒಂದೇ. ಬೆಳಿಗ್ಗೆ ಗಿಫ್ಟ್ ನಿಫ್ಟಿ (ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ನಿಫ್ಟಿ ಫ್ಯೂಚರ್ಸ್) ನೋಡಿದರೆ ಗ್ಯಾಪ್‌ನ ಅಂದಾಜು ಮುಂಚೆಯೇ ಸಿಗುತ್ತದೆ.

ಕೊಳ್ಳುವವರ ಪಾಡು

ಮಂಕು ಪೇಟೆಯಲ್ಲಿ ಪ್ರೀಮಿಯಂ ಅಗ್ಗ, ಆದ್ದರಿಂದ ಕೊಳ್ಳುವುದೇ ಜಾಣತನ ಎಂಬ ವಾದವೂ ಇದೆ. ಬೆಲೆ ಅಗ್ಗ, ಸವಕಳಿ ಅಗ್ಗವಲ್ಲ. ನಿಫ್ಟಿ 25,000, ವಿಕ್ಸ್ 12 ಇರುವಾಗ ಐದು ದಿನ ಉಳಿದ 25,000ದ ಆಪ್ಷನ್‌ಗೆ ಸುಮಾರು 140. ನಿಫ್ಟಿ ನಿಂತಲ್ಲೇ ನಿಂತರೆ ನಾಳೆ 125, ನಾಡಿದ್ದು 109, ಆಮೇಲೆ 89, ಕೊನೆಯ ದಿನಕ್ಕೆ 63. ಮೊದಲ ದಿನವೇ ಲಾಟ್‌ಗೆ ಸುಮಾರು 975 ರೂಪಾಯಿ ಕರಗಿತು.

ಏರುತ್ತದೆ ಅಥವಾ ಇಳಿಯುತ್ತದೆ ಎಂಬ ಖಚಿತ ಅಭಿಪ್ರಾಯ ಇದ್ದವರು ಬರೀ ಕಾಲ್ ಕೊಳ್ಳುವ ಬದಲು ಡೆಬಿಟ್ ಸ್ಪ್ರೆಡ್ ಮಾಡಲಿ. 21 ದಿನದ 25,000 ಕಾಲ್ 315ಕ್ಕೆ ಕೊಂಡು 25,300 ಕಾಲ್ 176ಕ್ಕೆ ಮಾರಿದರೆ ಖರ್ಚು 139 ಪಾಯಿಂಟ್, 9,035 ರೂಪಾಯಿ. ಗರಿಷ್ಠ ಲಾಭ 161 ಪಾಯಿಂಟ್, 10,465. ಬರೀ ಕಾಲ್‌ಗೆ 20,475 ಬೇಕಿತ್ತು. ನಿಧಾನವಾಗಿ ತೆವಳುವ ಪೇಟೆಯಲ್ಲಿ 300 ಪಾಯಿಂಟ್ ಆಚೆಗಿನ ಲಾಭ ಹೇಗೂ ಅಪರೂಪ, ಅದನ್ನು ಮಾರಿಬಿಟ್ಟರೆ ಕಳೆದುಕೊಳ್ಳುವುದು ಸ್ವಲ್ಪ.

ಇನ್ಫೊಸಿಸ್‌ನಂಥ ಷೇರಿನ ಆಪ್ಷನ್ ಬೇರೆಯೇ ಪ್ರಾಣಿ

2023ರ ಏಪ್ರಿಲ್ 13, ಗುರುವಾರ, ಪೇಟೆ ಮುಗಿದ ಮೇಲೆ ಇನ್ಫೊಸಿಸ್ ಫಲಿತಾಂಶ ಬಂತು. ಶುಕ್ರವಾರ ರಜೆ. ಸೋಮವಾರ ಷೇರು ಶೇ 9ಕ್ಕೂ ಹೆಚ್ಚು ಕುಸಿಯಿತು. ಮೂರು ದಿನ ಏನೂ ಮಾಡಲಾಗದೆ ಕಾದ ಪುಟ್ ಮಾರಾಟಗಾರರಿಗೆ ಇಂಡೆಕ್ಸ್ ಮಂಕಾಗಿತ್ತು ಎಂಬುದರಿಂದ ಏನೂ ಸಹಾಯವಾಗಲಿಲ್ಲ.

ಫಲಿತಾಂಶದ ಮೊದಲು ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಬೆಲೆ ಕೂಡಿ ಷೇರಿನ ಬೆಲೆಯಿಂದ ಭಾಗಿಸಿ. 1,500 ರೂಪಾಯಿ ಷೇರಿಗೆ ಎರಡೂ ಸೇರಿ 90 ಇದ್ದರೆ, ಪೇಟೆ ಸುಮಾರು ಶೇ 6ರ ಚಲನೆಗೆ ಆಗಲೇ ಹಣ ಕಟ್ಟಿಸಿಕೊಂಡಿದೆ. ಹಿಂದಿನ ಎಂಟು ಫಲಿತಾಂಶಗಳ ಮರುದಿನದ ಚಲನೆ ತೆಗೆದು ಹೋಲಿಸಿ. ಕೊಂಡವರ ದಿಕ್ಕು ಸರಿಯಾಗಿದ್ದೂ ಷೇರು ಶೇ 3 ಮಾತ್ರ ಸರಿದರೆ ನಷ್ಟವೇ, ಏಕೆಂದರೆ ಫಲಿತಾಂಶ ಹೊರಬಿದ್ದ ಬೆಳಿಗ್ಗೆ ಪ್ರೀಮಿಯಂನೊಳಗಿನ ಅನಿಶ್ಚಿತತೆಯ ಬೆಲೆ ಒಮ್ಮೆಲೇ ಇಳಿದುಹೋಗುತ್ತದೆ.

ಇಂಡೆಕ್ಸ್ ಆಪ್ಷನ್ ನಗದಿನಲ್ಲಿ ಇತ್ಯರ್ಥವಾಗುತ್ತದೆ, ಷೇರಿನ ಆಪ್ಷನ್‌ನಲ್ಲಿ ಷೇರುಗಳೇ ಕೈ ಬದಲಾಗುತ್ತವೆ. 400ರ ಲಾಟ್‌ನ 1,500 ಪುಟ್ ಮಾರಿ ಎಕ್ಸ್‌ಪೈರಿವರೆಗೆ ಬಿಟ್ಟರೆ, ಷೇರು 1,500ರ ಕೆಳಗೆ ಮುಗಿದಾಗ 6 ಲಕ್ಷ ಕೊಟ್ಟು ಷೇರು ಕೊಳ್ಳಬೇಕು. ಕೊಂಡ ಆಪ್ಷನ್ ಲಾಭದಲ್ಲಿದ್ದರೂ ಎಕ್ಸ್‌ಪೈರಿಯ ನಾಲ್ಕು ದಿನ ಮೊದಲಿನಿಂದ ಡೆಲಿವರಿ ಮಾರ್ಜಿನ್ ಹಂತಹಂತವಾಗಿ ಏರುತ್ತದೆ. ಎಕ್ಸ್‌ಪೈರಿ ವಾರ ಶುರುವಾಗುವ ಮೊದಲೇ ಮುಚ್ಚಿ.

ಎಲೆಕ್ಟ್ರಾನಿಕ್ ಸಿಟಿ, ಸರ್ಜಾಪುರ ರಸ್ತೆಯ ಕಡೆಯವರಿಗೆ ಇನ್ನೊಂದು ಮಾತು. ಲಿಸ್ಟೆಡ್ ಕಂಪನಿಯಲ್ಲಿ ಕೆಲಸ ಮಾಡುತ್ತಾ ನಿಮ್ಮ ಹೆಸರು ಡೆಸಿಗ್ನೇಟೆಡ್ ಪರ್ಸನ್ (ಕಂಪನಿಯ ಒಳಗಿನ ಮಾಹಿತಿ ಸಿಗಬಹುದಾದವರು) ಪಟ್ಟಿಯಲ್ಲಿದ್ದರೆ, ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶದ 48 ಗಂಟೆ ನಂತರದವರೆಗೆ ಟ್ರೇಡಿಂಗ್ ವಿಂಡೋ ಮುಚ್ಚಿರುತ್ತದೆ, ಅಂದರೆ ಸ್ವಂತ ಕಂಪನಿಯ ಷೇರಿನ ವಹಿವಾಟು ಮಾಡುವಂತಿಲ್ಲ. ಸ್ವಂತ ಕಂಪನಿಯ ಆಪ್ಷನ್‌ಗೆ ಕೈಹಾಕುವ ಮುನ್ನ ಕಂಪನಿಯ ನೀತಿಸಂಹಿತೆ ಓದಿ. ಹಲವೆಡೆ ಅದಕ್ಕೆ ವರ್ಷಪೂರ್ತಿ ನಿಷೇಧವಿದೆ.

ಕರೆಂಟು, ಮಳೆ, ಮೀಟಿಂಗು

ಏಪ್ರಿಲ್–ಮೇಯಲ್ಲಿ ಮಧ್ಯಾಹ್ನದ ಮೇಲೆ ಗುಡುಗಿ ಸುರಿಯುವ ಮಳೆಗೆ ಮರದ ಕೊಂಬೆ ಮುರಿದು ಕರೆಂಟು ಹೋಗುವುದು ಈ ಊರಿಗೆ ಹೊಸತಲ್ಲ, ಅದು 3.30ರವರೆಗೆ ಕಾಯುವುದೂ ಇಲ್ಲ. ವೈಫೈ ರೂಟರ್‌ಗೆ ಸಣ್ಣ ಯುಪಿಎಸ್, ಬೇರೆ ಕಂಪನಿಯ ಎರಡನೇ ಸಿಮ್, ಬ್ರೋಕರ್‌ನ ಫೋನ್ ಮೂಲಕ ಆರ್ಡರ್ ಕೊಡುವ ಸಂಖ್ಯೆ ಫೋನಿನಲ್ಲಿ ಸೇವ್. ಮೀಟಿಂಗಿನಲ್ಲಿ ಕೂರುವವರು ಬೆಲೆಯ ಅಲರ್ಟ್ ಅನ್ನು ಮಾರಿದ ಸ್ಟ್ರೈಕ್‌ಗೆ ಇಡದೆ 150 ಪಾಯಿಂಟ್ ಮುಂಚೆಯೇ ಇಡಿ.

ತೆರಿಗೆ

ಎಫ್‌ ಆ್ಯಂಡ್ ಒ ಲಾಭ ನಷ್ಟ ವ್ಯವಹಾರದ ಆದಾಯ. ಸಂಬಳದವರೂ ಐಟಿಆರ್–3 ಸಲ್ಲಿಸಬೇಕು. ನಷ್ಟವನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ. ನಿಗದಿತ ದಿನಾಂಕದೊಳಗೆ ರಿಟರ್ನ್ ಹಾಕಿದರೆ ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ತಡವಾದರೆ ಆ ಹಕ್ಕು ಹೋಯಿತು. ಬ್ರೋಕರೇಜ್, ಇಂಟರ್‌ನೆಟ್ ಬಿಲ್ಲಿನ ವಹಿವಾಟಿಗೆ ಸಂಬಂಧಿಸಿದ ಪಾಲು ಇವನ್ನು ಖರ್ಚಾಗಿ ತೋರಿಸಬಹುದು, ರಸೀದಿ ಇಟ್ಟುಕೊಳ್ಳಿ. ಲಾಭವಾಗಿ, ಸಂಬಳದ ಟಿಡಿಎಸ್ ಕಳೆದ ಮೇಲೂ ವರ್ಷದ ಬಾಕಿ ತೆರಿಗೆ 10,000 ದಾಟುವಂತಿದ್ದರೆ ಮುಂಗಡ ತೆರಿಗೆಯ ಮೊದಲ ಕಂತು, ಶೇ 15, ಜೂನ್ 15ರೊಳಗೆ ಕಟ್ಟಬೇಕು; ಮೇ ಕೊನೆಗೆ ಬ್ರೋಕರ್‌ನ ಲಾಭ–ನಷ್ಟದ ವರದಿ ಇಳಿಸಿಕೊಂಡರೆ ಲೆಕ್ಕ ಹಾಕಲು ಎರಡು ವಾರ ಸಿಗುತ್ತದೆ.